ಹಾಲ್‌ಬೇರಾ ಕಾವಲು ಹಂಚಿಕೊಂಡದ್ದು

ಉತ್ತರದ ಹಿಮನಾಡಿನ ಅಕುರೇರಿ ಎಂಬ ಊರಲ್ಲಿ, ಬಂದರಿನ ಹಿಂದಿನ ಓಣಿಯಲ್ಲಿ, ಬಣ್ಣದಂಗಡಿಯ ಮಹಡಿಯ ಮೇಲೆ ಒಂದು ಸಣ್ಣ ಕಂಪನಿ ಇತ್ತು. ಬೆಟ್ಟದಾಚೆಗಿನ ಯಾವ ರಸ್ತೆ ತೆರೆದಿದೆ, ಯಾವುದು ಹಿಮ ಬಿದ್ದು ಮುಚ್ಚಿದೆ ಎಂದು ಪ್ರಯಾಣಿಕರಿಗೆ ತಿಳಿಸುವ ವೆಬ್‌ಸೈಟ್ ಅವರದು. ಅದನ್ನು ಹೊತ್ತ ಸರ್ವರ್‌ಗಳಿದ್ದದ್ದು ಮಾತ್ರ ದೂರದ ಜರ್ಮನಿಯಲ್ಲಿ, ಬಾಡಿಗೆಗೆ. ಅವುಗಳ ಯೋಗಕ್ಷೇಮ ಹಾಲ್‌ಬೇರಾಳ ಪಾಲಿನ ಕೆಲಸ.

ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು ಅವಳು. ಮೀನಿನ ಕಾರ್ಖಾನೆಯಲ್ಲಿ ಬಹುಕಾಲ ದುಡಿದು, ಅದು ಬಾಗಿಲು ಹಾಕಿದಾಗ, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತಳು. ಹಾಗೆ ಕಷ್ಟಪಟ್ಟು ಕೈಗೆ ಬಂದ ವಿದ್ಯೆಯನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಅವಳಿಗೆ ಜೀವ ಹೋದಂತೆ. ಯಾವ ಸರ್ವರ್‌ಗೆ ಏದುಸಿರು ಬಂದಿದೆ, ಯಾವುದರಲ್ಲಿ ಜಾಗ ಮುಗಿದು ಹೊಟ್ಟೆ ತುಂಬುತ್ತಿದೆ ಎಂದು ಮತ್ತೆ ಮತ್ತೆ ವಿಚಾರಿಸಿ, ಪರದೆಯ ಮೇಲೆ ಗೆರೆ ಎಳೆದು ತೋರಿಸುವ ತಂತ್ರಾಂಶವೇನೋ ಇತ್ತು. ಆದರೆ ಯಾರನ್ನು ವಿಚಾರಿಸಬೇಕು ಎಂದು ಅದಕ್ಕೆ ಹೇಳಿಕೊಡಬೇಕಾಗಿತ್ತು. ಹೊಸ ಸರ್ವರ್ ಬಂದಾಗಲೆಲ್ಲ ಅದರ ವಿಳಾಸವನ್ನು ಹಾಲ್‌ಬೇರಾ ತಾನೇ ಬರೆದು ಸೇರಿಸುವಳು, ಹೋದಾಗ ತಾನೇ ಅಳಿಸುವಳು.

ಪಕ್ಕದ ಮೇಜಿನ ಕೇತಿಲ್ ಅವಳಿಗಿಂತ ತುಂಬಾ ಕಿರಿಯವನು. ಅವನು ಎರಡು ಮೂರು ಸಲ ಹೇಳಿ ನೋಡಿದ್ದ.

"ಹಾಲ್‌ಬೇರಾ, ಅದೇ ಹುಡುಕ್ಕೊಳ್ಳೋ ಹಾಗೆ ಮಾಡ್ಬಹುದು. ನಮ್ಮ ಹೆಸರಲ್ಲಿ ಈಗ ಯಾವ ಯಾವ ಸರ್ವರ್ ಓಡ್ತಿದೆ ಅಂತ ಬಾಡಿಗೆ ಕೊಟ್ಟವರನ್ನೇ ಕೇಳುತ್ತೆ. ನಿಮಗೂ ಸ್ವಲ್ಪ ಆರಾಮ."

"ನನ್ನ ಮಕ್ಕಳನ್ನ ಎಣಿಸೋಕೆ ಪಕ್ಕದ ಮನೆಯವರು ಬೇಡ ಮಾರಾಯ. ನೀನು ಕಾಫಿ ಕುಡಿ."

ಅವನು ಕಾಫಿ ಕುಡಿದ. ಮಾತು ಅಲ್ಲಿಗೇ ನಿಂತಿತು.

ನವೆಂಬರಿನ ಒಂದು ಬೆಳಿಗ್ಗೆ ಹಾಲ್‌ಬೇರಾ ತನ್ನ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಅವಳ ಕೈಗೆ ಪಟ್ಟಿ ಹಾಕುತ್ತಿರುವಾಗಲೇ ಹೊರಗೆ ಹಿಮ ಸುರಿಯತೊಡಗಿತು. ರಸ್ತೆಯ ಗತಿಯೇನೆಂದು ನೋಡಲು ಊರೆಲ್ಲ ವೆಬ್‌ಸೈಟಿಗೆ ಮುಗಿಬಿತ್ತು. ನೂಕುನುಗ್ಗಲು ಹೆಚ್ಚಿದರೆ ಹೊಸ ಸರ್ವರ್‌ಗಳು ತಾವಾಗಿ ಹುಟ್ಟುವ ವ್ಯವಸ್ಥೆ ಮೊದಲೇ ಇತ್ತು, ಅವು ಹುಟ್ಟಿದವು. ಅವುಗಳ ವಿಳಾಸ ಬರೆಯುವವಳು ಮಾತ್ರ ಕುರ್ಚಿಯಲ್ಲಿರಲಿಲ್ಲ. ತಂತ್ರಾಂಶಕ್ಕೆ ಗೊತ್ತೇ ಇಲ್ಲದ ಅವುಗಳಲ್ಲೊಂದರ ಹೊಟ್ಟೆ ತುಂಬಿ, ಹೊಸ ಸುದ್ದಿ ಒಳಗಿಳಿಯದೆ, ಬೆಟ್ಟದ ದಾರಿ ತೆರೆದಿದೆ ಎಂಬ ಬೆಳಗಿನ ಸುದ್ದಿಯನ್ನೇ ತೋರಿಸುತ್ತ ಕೂತಿತು. ಅದನ್ನು ನಂಬಿ ಬೆಟ್ಟ ಹತ್ತಿದ ಬಸ್ಸೊಂದು ಹಿಮದಲ್ಲಿ ಸಿಕ್ಕಿಕೊಂಡು, ದಾರಿ ಬಿಡಿಸುವ ಗಾಡಿ ಬರುವವರೆಗೂ ಅಲ್ಲೇ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಸುದ್ದಿ ಕೇಳಿದ ಹಾಲ್‌ಬೇರಾಗೆ ಅಂದು ಊಟ ಸೇರಲಿಲ್ಲ.

ಮಾರನೆಯ ದಿನ ಕೈಯನ್ನು ಕೊರಳಿಗೆ ನೇತುಹಾಕಿಕೊಂಡೇ ಬಂದಳು. 'ಆವತ್ತೇ ಹೇಳಿರಲಿಲ್ವಾ' ಎಂಬ ಮಾತಿಗೆ ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಕೇತಿಲ್ ಆ ಮಾತೆತ್ತಲಿಲ್ಲ. ತನ್ನ ಕುರ್ಚಿಯನ್ನು ಅವಳ ಮೇಜಿಗೆ ಎಳೆದುಕೊಂಡು ಬಂದು ಕೂತ.

"ಕೈ ನಂದು, ಬಾಯಿ ನಿಮ್ಮದು. ನೀವು ಹೇಳಿ, ನಾನು ಬರೀತೀನಿ."

ತಂತ್ರಾಂಶವೇ ಸರ್ವರ್‌ಗಳನ್ನು ಹುಡುಕಿಕೊಳ್ಳುವಂತೆ ಮಾಡಲು ಮೊದಲು ಬಾಡಿಗೆ ಕಂಪನಿಯಿಂದ ಒಂದು ಗುಪ್ತ ಕೀಲಿ ಪಡೆದರು. ಅದರಿಂದ ಸರ್ವರ್‌ಗಳನ್ನು ನೋಡಬಹುದು, ಮುಟ್ಟಲಾಗದು. ಅಷ್ಟು ಸಾಕು ಎಂದವಳು ಹಾಲ್‌ಬೇರಾ. ಕೀಲಿ ಕೊಟ್ಟದ್ದೇ ತಡ, ಸರ್ವರ್‌ಗಳೆಲ್ಲ ಬಂದು ಪರದೆಯಲ್ಲಿ ಸಾಲಾಗಿ ನಿಂತವು. ಆದರೆ ಒಂದೊಂದೂ ಕೆಂಪು. ಯಾವುದೂ ಓಗೊಡುತ್ತಿಲ್ಲ. ಕೇತಿಲ್ ತಲೆ ಕೆರೆದುಕೊಂಡ. ಹಾಲ್‌ಬೇರಾ ಕನ್ನಡಕ ಏರಿಸಿ ನೋಡಿದಳು.

"ಇದು ಮುಂಬಾಗಿಲು ತಟ್ತಾ ಇದೆ. ಅದಕ್ಕೆ ಬೀಗ ಹಾಕಿದವಳು ನಾನೇ. ನಮ್ಮ ಒಳಜಾಲದ ವಿಳಾಸ ಹಿಡಿದು ಕರೆಯೋಕೆ ಹೇಳು."

ಹಾಗೆ ಬರೆದಾಗ ಎಲ್ಲವೂ ಹಸಿರಾದವು. ಜೊತೆಗೆ ಅವಳು ಕಂಡು ಕೇಳದ ಸರ್ವರ್ ಒಂದೂ ಇಣುಕಿತು.

"ಇದ್ಯಾರದ್ದು?"

ಕೇತಿಲ್‌ನ ಕಿವಿ ಕೆಂಪಾಯಿತು. "ನಂದೇ. ಏನೋ ಪರೀಕ್ಷೆ ಮಾಡೋಕೆ ಅಂತ ಬೇಸಿಗೆಯಲ್ಲಿ ಶುರುಮಾಡಿ ಮರೆತೇಬಿಟ್ಟಿದ್ದೆ."

ಹಾಲ್‌ಬೇರಾ ನೋವನ್ನೂ ಮರೆತು ನಕ್ಕಳು. "ನಮ್ಮೂರಲ್ಲಿ ಕುರಿ ಬೆಟ್ಟದಿಂದ ಇಳಿದಾಗ ಕಿವಿ ನೋಡಿ ದೊಡ್ಡಿಗೆ ಬಿಡ್ತಿದ್ವಿ. ಕಿವಿಯಲ್ಲಿ ನಮ್ಮ ಗುರುತಿಲ್ಲದ್ದು ನಮ್ಮ ದೊಡ್ಡಿಗಲ್ಲ."

"ಹಾಗಾದ್ರೆ ಸರ್ವರ್‌ಗೂ ಹುಟ್ಟುವಾಗಲೇ ಗುರುತು ಹಾಕೋಣ. ಗುರುತಿದ್ದದ್ದನ್ನ ಮಾತ್ರ ಇದು ಕಾಯಲಿ."

ಹಾಗೆಯೇ ಮಾಡಿದರು. ವಿಳಾಸದ ಅಂಕಿಗಳ ಬದಲು ಸರ್ವರ್‌ಗಳ ಹೆಸರೇ ಪರದೆಯಲ್ಲಿ ಕಾಣಲಿ ಎಂದು ಅವಳು ಹಟ ಹಿಡಿದಳು. ಅವನು ಬೇಸರಿಸದೆ ಅದನ್ನೂ ಬರೆದುಕೊಟ್ಟ.

ಕ್ರಿಸ್‌ಮಸ್ ಹತ್ತಿರವಾದಾಗ ದೊಡ್ಡ ಹಿಮಗಾಳಿ ಬೀಸಿತು. ಹಾಲ್‌ಬೇರಾ ಎಡಗೈಯಲ್ಲಿ ಕಾಫಿ ಹಿಡಿದು ಪರದೆಯ ಮುಂದೆ ಕೂತಿದ್ದಳು. ಹೊಸ ಸರ್ವರ್ ಹುಟ್ಟುವುದು, ಸ್ವಲ್ಪ ಹೊತ್ತಿಗೆ ಅದರ ಗೆರೆ ತಾನಾಗಿ ಮೂಡುವುದು. ಒಂದರ ಹೊಟ್ಟೆ ತುಂಬುತ್ತ ಬಂದಾಗ ಎಚ್ಚರಿಕೆ ಬಂತು. ಕೇತಿಲ್ ಬೇಡದ್ದನ್ನೆಲ್ಲ ತೆಗೆದು ಜಾಗ ಮಾಡಿದ. ಬೆಟ್ಟದ ದಾರಿ ಮುಚ್ಚಿದೆ ಎಂಬ ಸುದ್ದಿ ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ತಲುಪಿತು. ಹಾಲ್‌ಬೇರಾ ಲೋಟ ಕೆಳಗಿಟ್ಟು ಕುರ್ಚಿಗೆ ಒರಗಿದ್ದನ್ನು ಕಂಡು ಅವನು ಕೇಳಿದ, "ಕೈ ನೋಯ್ತಿದೆಯಾ?"

"ಇಲ್ಲ. ಇಷ್ಟು ವರ್ಷ ನಾನೊಬ್ಬಳೇ ಹೊತ್ಕೊಂಡಿದ್ದೆ. ಹೊರೆ ಇತ್ತು ಅಂತ ಗೊತ್ತಾಗಿದ್ದೇ ಇವತ್ತು. ದೊಡ್ಡ ಉಪಕಾರ ಆಯ್ತು ಕೇತಿಲ್."

ಅವನು ಅವಳ ಲೋಟ ತೆಗೆದುಕೊಂಡು ಕಾಫಿ ತುಂಬಿಸಿ ತಂದ.

ಆ ವಾರವೇ ಅವಳು ಹೂಸಾವೀಕ್ ಊರಿನ ತಂಗಿಯ ಮನೆಗೆ, ಎಲೆಯ ಚಿತ್ತಾರ ಕೊರೆದ ಹಬ್ಬದ ಎಲೆರೊಟ್ಟಿ ಕರಿಯಲು ಹೋದಳು. ಲ್ಯಾಪ್‌ಟಾಪ್ ಬಿಟ್ಟು ಊರು ದಾಟಿದ್ದು ಅದೇ ಮೊದಲು. ಕೈ ಸರಿಯಿಲ್ಲದ ಅವಳನ್ನು ತಂಗಿ ಕುರ್ಚಿಯಿಂದ ಏಳಗೊಡಲಿಲ್ಲ. ಕರಿದದ್ದನ್ನು ತಿನ್ನುವುದಷ್ಟೇ ಅವಳ ಕೆಲಸವಾಯಿತು.

ಹಿಂದಿರುಗಿದ ಮೇಲೆ ಬೇಕರಿಯ ಸಾಲಿನಲ್ಲಿ ಕೇತಿಲ್‌ನ ತಾಯಿ ಅಲ್ದೀಸ್ ಸಿಕ್ಕಳು. ಹಾಲ್‌ಬೇರಾ ಎಡಗೈಯಿಂದಲೇ ಅವಳ ಕೈ ಹಿಡಿದುಕೊಂಡಳು.

"ಮಗನ್ನ ಚೆನ್ನಾಗಿ ಬೆಳೆಸಿದೀಯ ಅಲ್ದೀಸ್. ತನ್ನ ಮಾತೇ ಗೆದ್ದಾಗ ಬಾಯಿ ಮುಚ್ಕೊಂಡಿರೋದು ಎಲ್ಲರಿಗೂ ಬರಲ್ಲ."

"ನಮ್ಮ ಕೇತಿಲಾ?" ಅಲ್ದೀಸ್ ಕಣ್ಣರಳಿಸಿದಳು. "ಮನೇಲಿ ಒಂದು ಬಲ್ಬ್ ಹಾಕು ಅಂದ್ರೆ ನಾಳೆ ಅಂತಾನೆ."

"ನಾಳೆ ಹಾಕ್ತಾನೆ ಬಿಡು," ಎಂದು ಹಾಲ್‌ಬೇರಾ ಅವಳ ಪಾಲಿನ ಬ್ರೆಡ್ಡಿಗೂ ತಾನೇ ಹಣ ಕೊಟ್ಟಳು.