ಊಟ, ಸಂಗೀತದೊಂದಿಗೆ

ಪೋಸ್ಟರ್ ವಾಟ್ಸಾಪಿನಲ್ಲಿ ಬಂದದ್ದು 2019ರ ಜನವರಿ ಕೊನೆಗೆ, ನಾನು ಬದಿಯಡ್ಕದ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದಾಗ. ಕಪ್ಪು ಹಿನ್ನೆಲೆ, ಗುಲಾಬಿ ಅಕ್ಷರ, ಮೂಲೆಯಲ್ಲಿ ಒಡೆದ ಹೃದಯ. ನಾವೆಲ್ಲ ಹೈಸ್ಕೂಲಿನಲ್ಲಿದ್ದಾಗ ಕೇಳುತ್ತಿದ್ದ ಪಾಪ್-ಪಂಕ್ ಮತ್ತು ಇಮೋ ಹಾಡುಗಳನ್ನು ನೆನಪಿಸಿಕೊಳ್ಳಲು ಫೆಬ್ರವರಿಯ ಒಂದು ಭಾನುವಾರ ಕಾಸರಗೋಡು ಪೇಟೆಯ ಮದುವೆ ಹಾಲೊಂದರಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಸಂಗೀತ. ಎಲ್ಲಕ್ಕಿಂತ ಮೇಲೆ ದೊಡ್ಡ ಅಕ್ಷರದಲ್ಲಿ ಮಂಗಳೂರಿನ ಬ್ಯಾಂಡ್, ಅದರ ಕೆಳಗೆ ಕಲ್ಲಿಕೋಟೆಯದ್ದು, ಆಮೇಲೆ ಕಣ್ಣೂರಿನ ಎರಡು, ಪಯ್ಯನ್ನೂರಿನ ಒಂದು. ಕೆಳಗೆ ಬಂದ ಹಾಗೆ ಅಕ್ಷರ ಸಣ್ಣದಾಗುತ್ತಿತ್ತು. ಕಟ್ಟಕಡೆಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ ಹೀಗಿತ್ತು: ಮಧ್ಯಾಹ್ನ ಒಂದು ಗಂಟೆಗೆ ಚಿಕನ್ ಬಿರಿಯಾಣಿ ಊಟ, ಸಂಗೀತದೊಂದಿಗೆ.

ಆ ಸಂಗೀತ ಎಂದರೆ ನಾವು. ಬಿರಿಯಾಣಿಯ ಹೆಸರಾದರೂ ಪೋಸ್ಟರಿನಲ್ಲಿತ್ತು.

ನಮ್ಮ ಬ್ಯಾಂಡಿಗೂ ಒಂದು ಹೆಸರುಂಟು. ಅವರು ಹಾಕದ್ದನ್ನು ನಾನು ಇಲ್ಲಿ ಹಾಕಿ ಯಾರನ್ನೂ ಸಮಾಧಾನ ಮಾಡಬೇಕಾಗಿಲ್ಲ. ನಾವು ಮೂವರು. ಗಿಟಾರ್ ಹಿಡಿದು ಹಾಡುವವ ನನ್ನ ಚಿಕ್ಕಮ್ಮನ ಮಗ. ಡ್ರಮ್ ಬಾರಿಸುವವ ಮೊಗ್ರಾಲಿನ ಬ್ಯಾರಿ ಹುಡುಗ, ಶಾಲೆಯಲ್ಲಿ ನಮ್ಮ ಜೊತೆಗಿದ್ದವ. ಬಾಸ್ ಗಿಟಾರ್ ನಾನು. ಶುರು ಮಾಡಿದ್ದು 2006ರಲ್ಲಿ, ನಮಗೆ ಹದಿನೈದು ಹದಿನಾರು ವರ್ಷ ಇದ್ದಾಗ. ಡ್ರಮ್ಮಿನವನ ಅಣ್ಣ ಶಾರ್ಜಾದಿಂದ ರಜೆಗೆ ಬರುವಾಗ ತಂದ ಒಂದು ಸಿ.ಡಿ.ಯೇ ನಮ್ಮ ಗುರು. ನೂರಕ್ಕೂ ಹೆಚ್ಚು ಹಾಡುಗಳಿದ್ದವು, ಒಂದಕ್ಕೂ ಹೆಸರಿರಲಿಲ್ಲ, ಬರೀ ನಂಬರು. ಯಾರು ಹಾಡಿದ್ದು, ಯಾವ ದೇಶದವರು ಎಂದು ಗೊತ್ತಿಲ್ಲದೆ ನಾವು ಅವುಗಳನ್ನು ಬಾಯಿಪಾಠ ಮಾಡಿದೆವು. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು. ಆದರೆ ಯಾರೋ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಗಂಟಲು ಹರಿಯುವಷ್ಟು ಜೋರಾಗಿ 'ನೀವು ಯಾರೂ ನನ್ನನ್ನು ಕೇಳುವುದಿಲ್ಲ' ಎನ್ನುತ್ತಿದ್ದಾನೆ ಎಂಬುದು ಪೂರ್ತಿ ಅರ್ಥವಾಗುತ್ತಿತ್ತು.

ಸಿ.ಡಿ.ಯ ಕವರಿನ ಚಿತ್ರದಲ್ಲಿ ಹುಡುಗರು ಕಣ್ಣಿಗೆ ಕಪ್ಪು ಹಚ್ಚಿದ್ದರು. ನನ್ನ ತಮ್ಮ, ಅಂದರೆ ಚಿಕ್ಕಮ್ಮನ ಮಗ, ನನ್ನ ಕಾಡಿಗೆ ಡಬ್ಬಿ ತೆಗೆದುಕೊಂಡು ಹಚ್ಚಿ ಪೆರ್ಲದ ಬಸ್ ಸ್ಟ್ಯಾಂಡಿನಲ್ಲಿ ನಿಂತ. ಹೂವಿನ ಅಂಗಡಿಯವರು ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: "ಯಾವ ಮೇಳ ಮಗಾ? ಇವತ್ತು ಆಟ ಎಲ್ಲಿ?" ನಮ್ಮ ಕಡೆ ಗಂಡಸು ಕಣ್ಣಿಗೆ ಕಪ್ಪು ಹಚ್ಚುವುದು ಯಕ್ಷಗಾನದ ವೇಷಕ್ಕೆ ಮಾತ್ರ. ಡ್ರಮ್ಮಿನವನಿಗೆ ಆ ಕಷ್ಟವಿರಲಿಲ್ಲ. ಅವನ ಅಜ್ಜ ಹಬ್ಬಕ್ಕೆ ಸುರ್ಮ ಹಾಕುವವರು. ಮೊಮ್ಮಗ ಹಬ್ಬವಿಲ್ಲದ ದಿನವೂ ಹಾಕಿದ್ದನ್ನು ಕಂಡು ಅವರು ಖುಷಿಪಟ್ಟರಂತೆ.

ಬಾರಿಸುವುದು ಎಲ್ಲಿ? ಶಾಲಾ ಕಲೋತ್ಸವದ ಪಟ್ಟಿಯಲ್ಲಿ ಒಪ್ಪನ ಕುಣಿತದಿಂದ ಹಿಡಿದು ಚೆಂಡೆಯವರೆಗೆ ಎಲ್ಲವೂ ಇತ್ತು, ಕಿರುಚುವುದಕ್ಕೆ ಐಟಂ ಇರಲಿಲ್ಲ. ನಮಗೆ ಸಿಕ್ಕಿದ್ದು ನಮ್ಮವರದೇ ಮದುವೆಗಳು. ನಾನೂ ತಮ್ಮನೂ ಕೊಂಕಣಿ ಕ್ರೈಸ್ತರು. ಮದುವೆ ಎಂದರೆ ಇಗರ್ಜಿಯ ಪೂಜೆಯಾದ ಮೇಲೆ ಹಾಲ್‌ನಲ್ಲಿ ಕೇಕ್, ಟೋಸ್ಟ್, ಕುಣಿತ, ಊಟ, ಮತ್ತು ಇಷ್ಟಕ್ಕೂ ಒಂದು ಬ್ಯಾಂಡ್. ಕುಣಿತದ ಹೊತ್ತಿಗೆ ಹಿರಿಯರು ಕೇಳಿದ್ದನ್ನೇ ಬಾರಿಸಬೇಕು. ಆದರೆ ಊಟದ ಹೊತ್ತಿಗೆ ಎಂತ ಬಾರಿಸಿದರೂ ಯಾರಿಗೂ ಚಿಂತೆ ಇಲ್ಲ. ಎಲ್ಲರ ಗಮನ ಹಂದಿ ಮಾಂಸದ ಮೇಲೆ, ಸಣ್ಣದ ಮೇಲೆ. ಸಣ್ಣ ಎಂದರೆ ಶೇಂದಿ ಹಾಕಿ ಉಬ್ಬಿಸಿದ ಮೆತ್ತಗಿನ ಇಡ್ಲಿ. ಆ ಹೊತ್ತು ಪೂರ್ತಿ ನಮ್ಮದಾಯಿತು. ಅದಕ್ಕೆಂದೇ ವರ್ಷ ಹೋದ ಹಾಗೆ ಒಂದೊಂದಾಗಿ ಏಳು ಹಾಡು ಕಟ್ಟಿದೆವು. ನಾವು ಮಾತಾಡುವ ಕನ್ನಡದಲ್ಲೇ, ಎಂತ, ಉಂಟು, ಮಾರಾಯ ಎಲ್ಲ ಸೇರಿಸಿ.

ಮೊದಲ ಮದುವೆಯಲ್ಲೇ ಒಂದು ಪಾಠವಾಯಿತು. ಮೂರು ಹಾಡಾದ ಮೇಲೆ ಹಾಲ್ ಖಾಲಿಯಾದಂತೆ ಕಂಡು ನಾವು ನಿಲ್ಲಿಸಿದೆವು. ಮೂಲೆಯಲ್ಲಿ ಒಬ್ಬರು ಇನ್ನೂ ಉಣ್ಣುತ್ತಿದ್ದರು, ನಮ್ಮ ವಾಳೆಯ ಗುರ್ಕಾರರು. ಇಗರ್ಜಿಯ ಕೆಳಗೆ ಇಪ್ಪತ್ತು ಮೂವತ್ತು ಮನೆಗೆ ಒಂದು ವಾಳೆ, ಅದಕ್ಕೊಬ್ಬ ಗುರ್ಕಾರ. ಸಂಗೀತ ನಿಂತ ಕೂಡಲೇ ಅವರು ತಟ್ಟೆ ಅಲ್ಲಿಯೇ ಇಟ್ಟು ಕೈ ತೊಳೆದು ವೇದಿಕೆಯ ಹತ್ತಿರ ಬಂದರು.

"ನಾನು ಉಣ್ಣುವಾಗ ವಾದ್ಯ ನಿಲ್ಲಿಸಿದಿರಿ. ಅಂದರೆ ಎದ್ದು ಹೋಗು ಅಂತ ಅಲ್ವಾ?"

ಡ್ರಮ್ಮಿನವನು ಕೋಲುಗಳನ್ನು ಮಡಿಲಿಗಿಟ್ಟುಕೊಂಡ.

"ಬ್ರಾಸ್ ಬ್ಯಾಂಡಿನವರು ಕೊನೆಯ ತಟ್ಟೆ ಏಳುವವರೆಗೆ ಊದುತ್ತಿದ್ದರು. ತುಟಿ ಒಡೆದರೂ ಊದುತ್ತಿದ್ದರು. ನೀವು ದೊಡ್ಡ ಕಾಡಿಗೆ ಹಚ್ಚಿಕೊಂಡು ಬಂದಿದ್ದೀರಿ!"

ಮದುವೆ ಮನೆಯವರ ಮುಖ ಕಪ್ಪಿಟ್ಟಿತು. ನನ್ನ ಅಮ್ಮ ಓಡಿ ಬಂದು ಅವರ ಕೈ ಹಿಡಿದು, ಹೊಸ ತಟ್ಟೆ ಹಾಕಿಸಿ, ಪುನಃ ಕೂರಿಸಿದರು. ನಾವು ನಾಲ್ಕನೆಯದನ್ನು ಬಾರಿಸಿದೆವು. ಅವರು ನಿಧಾನಕ್ಕೆ, ಬಹಳ ನಿಧಾನಕ್ಕೆ ಉಂಡರು. ಅವರ ಪಕ್ಕದಲ್ಲಿ ಅವರ ಮೊಮ್ಮಗ, ನಮಗಿಂತ ಮೂರು ನಾಲ್ಕು ವರ್ಷ ದೊಡ್ಡವ, ತಲೆ ತಗ್ಗಿಸಿ ನಗುತ್ತಾ ಕೂತಿದ್ದ.

ಆಮೇಲೆ ಐದು ವರ್ಷ ನಾವು ಆ ನಿಯಮ ತಪ್ಪಲಿಲ್ಲ. ಡ್ರಮ್ಮನ್ನು ಲೈನ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕುಂಬಳೆಗೂ ಮಂಜೇಶ್ವರಕ್ಕೂ ಹೋದೆವು. ಪ್ರತಿ ಮದುವೆಯ ಮರುದಿನ ಡೈರಿಯಲ್ಲಿ ತಾರೀಕು, ಹಾಲ್, ಎಷ್ಟು ಹಾಡು ಎಂದು ಬರೆಯುತ್ತಿದ್ದೆ. ಇನ್ನೊಂದು ಕಾಲಂ ಇತ್ತು: ತಿರುಗಿ ನೋಡಿದವರು. ಅದರಲ್ಲಿ ಹೆಚ್ಚಾಗಿ ಸೊನ್ನೆ. ಒಮ್ಮೆ ಎರಡು ಎಂದು ಬರೆದು, ಒಬ್ಬ ನೀರು ಬಡಿಸುವವನನ್ನು ಹುಡುಕುತ್ತಿದ್ದ ಎಂದು ಆಮೇಲೆ ಗೊತ್ತಾಗಿ ಒಂದು ಮಾಡಿದೆ. ಐದನೆಯ ಹಾಡಿನ ಹೊತ್ತಿಗೆ ಕೊನೆಯ ತಟ್ಟೆ ಏಳುತ್ತಿತ್ತು. ಒಂದೆರಡು ಸಲ ಆರನೆಯದಕ್ಕೆ ಹೋದೆವು. ಏಳನೆಯದಕ್ಕೆ ಒಮ್ಮೆಯೂ ಹೋಗಲಿಲ್ಲ.

ಏಳನೆಯದು ನಮಗೆ ಎಲ್ಲಕ್ಕಿಂತ ಇಷ್ಟದ್ದು. ಪ್ಲಸ್ ಟು ಮುಗಿದಾಗ ಕಂಡ ಕಂಡವರೆಲ್ಲ ಕೇಳುತ್ತಿದ್ದರು: ಇನ್ನು ಎಲ್ಲಿಗೆ? ಗಲ್ಫಿಗಾ, ಮಂಗಳೂರಿಗಾ, ನರ್ಸಿಂಗಾ? ಅದಕ್ಕೆ ಕೊಟ್ಟ ಉತ್ತರ ಆ ಹಾಡು. ಪಲ್ಲವಿ ಇಷ್ಟೇ: 'ನಾನು ಇಲ್ಲಿಯೇ ಇರ್ತೇನೆ, ಎಂತ ಮಾಡ್ತೀ?' ಕೊನೆಯಲ್ಲಿ ಇದನ್ನೇ ಮತ್ತೆ ಮತ್ತೆ, ಡ್ರಮ್ಮಿನೊಟ್ಟಿಗೆ, ಸ್ವರ ಹೋಗುವವರೆಗೆ. ಹಾಡು ಕಟ್ಟಿದ ಡ್ರಮ್ಮಿನವನೇ 2011ರಲ್ಲಿ ಅಣ್ಣನ ಹಿಂದೆ ಶಾರ್ಜಾಕ್ಕೆ ಹೋದ. ಬ್ಯಾಂಡ್ ನಿಂತಿತು. ಅಮ್ಮನಿಗೆ ನೆಮ್ಮದಿಯಾಯಿತು. "ಅಬ್ಬ, ಆ ಬೊಬ್ಬೆ ಮುಗಿಯಿತು" ಎಂದರು.

ಪೋಸ್ಟರ್ ಬಂದಾಗ ಡ್ರಮ್ಮಿನವನು ರಜೆಯಲ್ಲಿ ಊರಿನಲ್ಲಿದ್ದ. ಸಂಗೀತದ ಹಬ್ಬ ಭಾನುವಾರ, ಅವನ ವಿಮಾನ ಅದಾದ ಬುಧವಾರ. ಮುಂದಿನ ರಜೆ ಎರಡು ವರ್ಷದ ಮೇಲೆ. ಆಗ ಯಾರು ಎಲ್ಲಿರುತ್ತೇವೋ. ಏಳನೆಯ ಹಾಡನ್ನು ಒಮ್ಮೆಯಾದರೂ ಜನರ ಎದುರು ಬಾರಿಸಬೇಕಾದರೆ ಇದೊಂದೇ ದಾರಿ. ನನಗೆ ಬೇಕಾದದ್ದು ಅಷ್ಟೇ.

ಹಬ್ಬ ನಡೆಸುವವ ಬೇರೆ ಯಾರೂ ಅಲ್ಲ, ಗುರ್ಕಾರರ ಆ ಮೊಮ್ಮಗ. ದುಬೈಯಲ್ಲಿ ಕೆಲವು ವರ್ಷ ಇದ್ದು ಬಂದು ಈಗ ಇವೆಂಟ್ ಮಾಡುತ್ತಿದ್ದ. ಡ್ರಮ್ಮಿನವ ಊರಿಗೆ ಬಂದದ್ದು ತಿಳಿದು ನಮ್ಮನ್ನು ಬಾರಿಸಲು ಕರೆದವನೂ ಅವನೇ. ಫೋನ್ ಮಾಡಿದೆ.

"ಅಣ್ಣ, ನಮ್ಮ ಹೆಸರು ಎಲ್ಲಿ?"

"ನೀವು ಇದ್ದೀರಲ್ಲ. ಊಟದ ಹೊತ್ತಿಗೆ."

"ಪಟ್ಟಿಯಲ್ಲಿ ಕೇಳಿದ್ದು."

"ಬೇಸರ ಮಾಡಬೇಡ. ಅವರೆಲ್ಲ ಸ್ಟೇಜ್ ಬ್ಯಾಂಡ್. ನಿಮ್ಮದು ಮದುವೆ ಬ್ಯಾಂಡ್ ಅಲ್ವಾ? ಜನ ಬರುವುದು ಅವರಿಗೆ ಗೊತ್ತಿದ್ದ ಹಾಡಿಗೆ. ನೀವು ಇಪ್ಪತ್ತು ನಿಮಿಷ ಮೆಲ್ಲಗೆ ಬಾರಿಸಿ. ಊಟ ಫ್ರೀ."

ಈ ಬ್ಯಾಂಡುಗಳಲ್ಲಿ ಹಲವು ಹುಟ್ಟುವ ಮೊದಲೇ, ಈ ಜಿಲ್ಲೆಯಲ್ಲಿ ಈ ಸಂಗೀತಕ್ಕೆ ವೇದಿಕೆಯೇ ಇಲ್ಲದಾಗ, ನಾವು ಅದನ್ನು ಸಣ್ಣ ಮತ್ತು ಹಂದಿ ಮಾಂಸದ ಮಧ್ಯೆ ಬಾರಿಸಿದ್ದೆವು. ಈಗ ಅದಕ್ಕೆ ನೆನಪಿನ ಹಬ್ಬ ಮಾಡುವಾಗ ನಾವು ಊಟದ ಜೊತೆಗಿನ ಉಪ್ಪಿನಕಾಯಿ. ತಮ್ಮನಿಗೆ ಹೇಳಿದರೆ ಅವನು ಕೆಂಡವಾದ.

"ನಾನು ಬರುವುದಿಲ್ಲ. ಮದುವೆಯಲ್ಲಾದರೂ ಮೈಕಿನಲ್ಲಿ ಹೆಸರು ಹೇಳ್ತಿದ್ದರು."

ಡ್ರಮ್ಮಿನವನು ನಕ್ಕ. "ನಿನಗೆ ಹೆಸರು ಬೇಕಾ, ಹಾಡು ಬೇಕಾ ಮಾರಾಯ? ನಾನು ಬುಧವಾರ ಹೋಗುವವ."

"ಇಪ್ಪತ್ತು ನಿಮಿಷದಲ್ಲಿ ಏಳು ಹಾಡು ಹೇಗೆ?"

"ಊಟದ ಹೊತ್ತು ಎಷ್ಟು ಅಂತ ಅವ ಹೇಗೆ ಹೇಳುವುದು?" ಎಂದೆ ನಾನು. "ಯಾರಾದರೂ ಉಣ್ಣುತ್ತಿದ್ದರೆ ಊಟದ ಹೊತ್ತೇ."

ಆ ಮಾತು ಹೇಳುವಾಗ ನನಗೂ ಅದರ ಬೆಲೆ ಗೊತ್ತಿರಲಿಲ್ಲ. ಬರೀ ಹಟಕ್ಕೆ ಹೇಳಿದ್ದು.

ಭಾನುವಾರ ಪೂಜೆ ಮುಗಿಸಿ ಅಮ್ಮನೂ ನಮ್ಮ ಜೊತೆ ಹೊರಟರು. ಯಾಕೆ ಎಂದು ಕೇಳಿದ್ದಕ್ಕೆ "ಬಿರಿಯಾಣಿ ಉಂಟಲ್ಲ" ಎಂದರು. ಹಾಲ್‌ನಲ್ಲಿ ಮೂವತ್ತರ ಹತ್ತಿರದವರು ಹಳೆಯ ಕಪ್ಪು ಟೀ ಶರ್ಟುಗಳಲ್ಲಿ, ಹೊಟ್ಟೆಯ ಹತ್ತಿರ ಬಿಗಿಯಾಗಿ, ಕುಣಿಯುತ್ತಿದ್ದರು. ಬಾಗಿಲ ಬಳಿ ಯಾರೋ ಮಗುವನ್ನು ಹೆಗಲಿಗೆ ಹಾಕಿ ತಟ್ಟುತ್ತಾ ತಲೆ ಆಡಿಸುತ್ತಿದ್ದರು. ನಾವೂ ಕಾಡಿಗೆ ಹಚ್ಚಿದ್ದೆವು, ಮೂವರೂ. ಯಾವ ಮೇಳ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಒಂದು ಗಂಟೆಗೆ ಜನರೆಲ್ಲ ಬೆನ್ನು ತಿರುಗಿಸಿ ಹಾಲ್‌ನ ಹಿಂದಿನ ಬಿರಿಯಾಣಿ ಸಾಲಿಗೆ ಹೋದರು. ನಾವು ವೇದಿಕೆ ಹತ್ತಿದೆವು. ಬೆನ್ನುಗಳಿಗೆ ಬಾರಿಸುವುದು ನಮಗೆ ಹೊಸತಲ್ಲ. ಗುರ್ಕಾರರ ಮೊಮ್ಮಗ ಮೆಲ್ಲಗೆ ಎಂದಿದ್ದ, ನನ್ನ ತಮ್ಮನೋ ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಮೊದಲನೆಯದು, ಎರಡನೆಯದು, ಮೂರನೆಯದು. ಕೆಲವರು ತಟ್ಟೆ ಹಿಡಿದೇ ಹತ್ತಿರ ಬಂದರು. ನಾಲ್ಕನೆಯದು ಮುಗಿಯುವಾಗ ಗುರ್ಕಾರರ ಮೊಮ್ಮಗ ವೇದಿಕೆಯ ಬುಡಕ್ಕೆ ಬಂದು ಕೈಗಡಿಯಾರ ತೋರಿಸಿದ.

"ಸಾಕು. ಇಪ್ಪತ್ತು ನಿಮಿಷ ಆಯ್ತು. ಕಣ್ಣೂರಿನವರು ರೆಡಿ ಇದ್ದಾರೆ."

ನಾನು ಹಾಲ್ ನೋಡಿದೆ. ತಟ್ಟೆಗಳು ಟಬ್ಬಿಗೆ ಬೀಳುತ್ತಿದ್ದವು. ಫ್ಯಾನಿನ ಕೆಳಗೆ ಒಂದೇ ಮೇಜಿನಲ್ಲಿ ಒಬ್ಬರು ಉಳಿದಿದ್ದರು. ಅಮ್ಮ.

"ಇನ್ನೂ ಉಣ್ಣುತ್ತಿದ್ದಾರೆ ಅಣ್ಣ" ಎಂದೆ.

ಅವನು ತಿರುಗಿ ನೋಡಿದ. ಅವನ ಮುಖದಲ್ಲಿ ಏನೋ ಹಾದುಹೋಯಿತು. ಹತ್ತಿರ ಹೋಗಿ ಬಗ್ಗಿ ಕೇಳಿದ, "ಆಂಟಿ, ಊಟ ಆಯ್ತಾ?"

ಅಮ್ಮನಿಗೆ ಮೈಕಿನ ಅಗತ್ಯವಿರಲಿಲ್ಲ. ಹೆಂಗಸರ ಕೂಟದಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳಿಸಿ ಪಳಗಿದ ಸ್ವರ. "ಎಂತ ಅವಸರ ಮಗಾ? ನಿನ್ನ ಅಜ್ಜ ಎಷ್ಟು ನಿಧಾನಕ್ಕೆ ಉಣ್ಣುತ್ತಿದ್ದರು, ನೆನಪುಂಟಾ? ವಾದ್ಯ ನಿಲ್ಲಿಸಿದ್ದಕ್ಕೆ ಅವತ್ತು ನಾನು ಎಲ್ಲರ ಎದುರು ಅವರ ಕೈ ಹಿಡಿದಿದ್ದೆ. ಇವತ್ತು ನಾನು ಏಳಬೇಕಾ? ನೀನು ಹೇಳು, ಏಳ್ತೇನೆ."

ತಟ್ಟೆ ಹಿಡಿದವರೆಲ್ಲ ಅವನನ್ನು ನೋಡಿದರು. ಕಣ್ಣೂರಿನವರಿಗೆ ಭಾಷೆ ತಿಳಿಯಲಿಲ್ಲ, ಆದರೆ ಸಂಗತಿ ತಿಳಿಯಿತು. ಅವರ ಗಿಟಾರಿನವನು ಗಿಟಾರ್ ಕೆಳಗಿಟ್ಟು ಒಂದು ಕುರ್ಚಿ ಎಳೆದುಕೊಂಡ.

"ಇಲ್ಲ ಆಂಟಿ, ನೀವು ಉಣ್ಣಿ" ಎಂದ ಮೊಮ್ಮಗ.

"ಹಾಗಾದರೆ ಸ್ವಲ್ಪ ಹಾಕಿಸು. ಕಾಲು ತುಂಡು ಉಂಟಾ ನೋಡು."

ಅವನೇ ಹೋಗಿ ತಂದ. ಮನೆಯಲ್ಲಿ ಗುಬ್ಬಿಯಷ್ಟು ಉಣ್ಣುವ ನನ್ನ ಅಮ್ಮ ಸೆರಗು ಸರಿಮಾಡಿ ಪುನಃ ಶುರುಮಾಡಿದರು. ಅನ್ನದ ಒಂದೊಂದು ಅಗಳನ್ನೂ ಬೇರೆ ಮಾಡಿದ ಹಾಗೆ, ಎಲುಬಿನ ಒಂದೊಂದು ಗಂಟನ್ನೂ ಬಿಡಿಸಿದ ಹಾಗೆ. ಐದನೆಯದು ಬಾರಿಸಿದೆವು. ಆರನೆಯದರ ಮಧ್ಯೆ ಅಮ್ಮ ಸಲಾಡ್ ಕೇಳಿದರು. ಡ್ರಮ್ಮಿನವನು ನಗುವಿನಲ್ಲಿ ಒಂದು ಪೆಟ್ಟು ತಪ್ಪಿದ. ನಾನು ಅಮ್ಮನನ್ನು ನೋಡುತ್ತಿದ್ದೆ. ಅವರು ನನ್ನನ್ನು ನೋಡಲಿಲ್ಲ, ತಟ್ಟೆಯನ್ನೇ ನೋಡುತ್ತಿದ್ದರು, ಕೆಲಸಕ್ಕೆ ಕೂತವರ ಹಾಗೆ.

ಏಳನೆಯ ಹಾಡಿಗೆ ಮೊದಲು ನನ್ನ ತಮ್ಮ ಮೈಕಿಗೆ ಬಂದ. ನಮ್ಮ ಬ್ಯಾಂಡಿನ ಹೆಸರು ಹೇಳಿದ, ಎರಡು ಸಲ. ಆಮೇಲೆ ಶುರು. ಪಲ್ಲವಿ ಮೂರನೆಯ ಸಲ ಬರುವಾಗ ಎದುರಿನ ಕೆಲವರು ಹಿಡಿದುಕೊಂಡರು. ಸುಲಭ ಪಲ್ಲವಿ ತಾನೇ. ಕನ್ನಡ ಬಾರದವರೂ ಹೇಳಿದರು. ಹಾಲ್‌ನಲ್ಲಿದ್ದವರೆಲ್ಲ ಹಾಡಿದರು ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ಮಂದಿ ಹೊರಗೆ ಐಸ್‌ಕ್ರೀಮ್ ತಿನ್ನುತ್ತಿದ್ದರು. ತಿರುಗಿ ನೋಡಿದವರ ಲೆಕ್ಕ ಅವತ್ತು ನಾನು ತೆಗೆಯಲಿಲ್ಲ. ನಾನು ಕಣ್ಣು ಮುಚ್ಚಿದ್ದೆ. ಕೊನೆಯಲ್ಲಿ ತಮ್ಮನ ಸ್ವರ ನಿಜವಾಗಿಯೂ ಹೋಯಿತು, ನಾನು ಮುಂದುವರಿಸಿದೆ. ನಾನು ಇಲ್ಲಿಯೇ ಇರ್ತೇನೆ, ಎಂತ ಮಾಡ್ತೀ, ಎಂತ ಮಾಡ್ತೀ. ಡ್ರಮ್ಮಿನವನು ಬುಧವಾರ ಹೋಗುವವನಾಗಿದ್ದರೂ ಎಲ್ಲರಿಗಿಂತ ಜೋರಾಗಿ ಅದನ್ನೇ ಕೂಗಿದ.

ಹಾಡು ನಿಂತಿತು. ಅಮ್ಮ ಎಲುಬನ್ನು ತಟ್ಟೆಯ ಅಂಚಿಗೆ ಇಟ್ಟು ಎದ್ದು ಕೈ ತೊಳೆಯಲು ಹೋದರು.

ಸಂಜೆ ಬಸ್ಸಿನಲ್ಲಿ ಅಮ್ಮ ನನ್ನ ಪಕ್ಕ ಕೂತಿದ್ದರು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಹಾಡಿನ ಬಗ್ಗೆ ಒಂದು ಮಾತಿಲ್ಲ. ಬಿರಿಯಾಣಿಗೆ ಉಪ್ಪು ಕಡಿಮೆ ಎಂದರು. ಕಾಡಿಗೆ ಕೆನ್ನೆಗೆ ಇಳಿದಿದೆ, ಒರೆಸಿಕೋ ಎಂದರು. ನಾನು ಒರೆಸಿಕೊಳ್ಳಲಿಲ್ಲ. ಸೀತಾಂಗೋಳಿ ದಾಟಿದ ಮೇಲೆ ಕೇಳಿದರು, "ಒಟ್ಟು ಏಳು ಹಾಡು ಅಂತ ನಿನಗೆ ಬೆಳಗ್ಗೆಯೇ ಗೊತ್ತಿತ್ತಾ?"

"ಗೊತ್ತಿತ್ತು."

"ಆಗಲೇ ಹೇಳಬೇಕಿತ್ತು ಮಾರಾಯ್ತಿ. ನಾನು ತಿಂಡಿ ತಿನ್ನುತ್ತಿರಲಿಲ್ಲ."