ಹೋಮಕ್ಕೊಂದು ಹೊರೆ ಮಾವಿನ ಕಟ್ಟಿಗೆ

ನಾಲ್ಕು ಜನ ಸೇರಿದ ಕಡೆ ಯಾರಾದರೂ ನನ್ನ ಉದ್ಯೋಗ ಕೇಳಿದರೆ ನನ್ನ ಹೆಂಡತಿ ಸುಮಿತ್ರಾ ಚಟ್ಟನೆ ಮಾತು ಬದಲಿಸುತ್ತಿದ್ದಳು. ಅವಳದೇನೂ ತಪ್ಪಿಲ್ಲ. ಧಾರವಾಡದಲ್ಲಿ ಕೃಷಿ ಪದವಿ ಓದಿ, ಮರ ಬೆಳೆಸುವ ವಿದ್ಯೆಯಲ್ಲಿ ಒಳ್ಳೆಯ ಅಂಕ ತೆಗೆದು, ಮಸ್ಕತ್ತಿಗೆ ಬಂದು ನಾನು ಮಾಡುತ್ತಿದ್ದದ್ದು ಮರ ಕಡಿಸುವ ಕೆಲಸ. ಇಷ್ಟಕ್ಕೆ ಪದವಿ ಯಾಕೆ ಬೇಕಿತ್ತು ಎಂದು ಮಾವನವರು ಒಮ್ಮೆ ಫೋನಿನಲ್ಲಿ ಕೇಳಿದ್ದರು.

ಕಡಿಸುತ್ತಿದ್ದದ್ದು ಮಾವಿನ ಮರಗಳನ್ನು. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಡೆಯಿಂದ ಹೋದ ಮಾವು ಒಮಾನಿನ ಕರಾವಳಿಯಲ್ಲಿ ಬೇರು ಬಿಟ್ಟು ಅಲ್ಲಿಯದೇ ಆಗಿಹೋಗಿದೆ. ಅದಕ್ಕೆ ವೀಸಾ ಬೇಡ, ಕಫೀಲ್ ಎಂಬ ಜಾಮೀನು ನಿಲ್ಲುವ ಧಣಿ ಬೇಡ. ಅದನ್ನು ಕಂಡು ನಾನು ಹೊಟ್ಟೆ ಉರಿದುಕೊಂಡದ್ದೂ ಉಂಟು. ಆದರೆ ಅದಕ್ಕೂ ಒಂದು ರೋಗ ಬಂತು. ಪುಸ್ತಕದ ಮಾತಿನಲ್ಲಿ ಶಿಲೀಂಧ್ರ, ಮನೆಯ ಮಾತಿನಲ್ಲಿ ಬೂಷ್ಟು. ಉಪ್ಪಿನಕಾಯಿ ಭರಣಿಯ ಬೂಷ್ಟಾದರೆ ಮೇಲೆ ಕಾಣುತ್ತದೆ, ಚಮಚದಲ್ಲಿ ತೆಗೆದು ಬಿಸಾಡಬಹುದು. ಇದು ಕಾಂಡದೊಳಗೆ ಕೂತು ನೀರಿನ ದಾರಿಯನ್ನೇ ಕಟ್ಟುತ್ತದೆ. ಒಂದು ಕೊಂಬೆ ಒಣಗುತ್ತದೆ, ಎಲೆ ಕಂದಿಯೂ ಉದುರದೆ ಜೋತಾಡುತ್ತದೆ, ತೊಗಟೆಯಿಂದ ಅಂಟು ಇಳಿಯುತ್ತದೆ. ನಾವು ನೋಡಿ ಅಯ್ಯೋ ಅನ್ನುವಷ್ಟರಲ್ಲಿ ಎಳ್ಳುಕಾಳಿನಷ್ಟು ಪುಟ್ಟ ಕೊರೆಹುಳುವೊಂದು ಅದನ್ನು ಪಕ್ಕದ ಮರಕ್ಕೆ ದಾಟಿಸಿರುತ್ತದೆ. ಹರಡದಂತೆ ತಡೆಯಬೇಕೆಂದರೆ ಕಡಿಯಬೇಕು, ಅಲ್ಲೇ ಸುಡಬೇಕು, ಒಂದು ಕಡ್ಡಿಯನ್ನೂ ಆಚೆ ಸಾಗಿಸಬಾರದು. ಗರಗಸವನ್ನು ಬ್ಲೀಚಿನಲ್ಲಿ ಅದ್ದದೆ ಇನ್ನೊಂದು ಮರ ಮುಟ್ಟಬಾರದು. ಮಡಿಯ ಮನೆಯಲ್ಲಿ ಬೆಳೆದ ನನಗೆ ಇದು ಹೊಸತೇನಲ್ಲ.

ಅಷ್ಟರಲ್ಲಿ ಕಚ್ಚಾ ಎಣ್ಣೆಯ ಬೆಲೆ ನೆಲ ಕಚ್ಚಿತು. ಮರ ಕಡಿಯುವ ಗುತ್ತಿಗೆ ಹಿಡಿದಿದ್ದ ನಮ್ಮ ಕಂಪನಿ ಮೊದಲು ಲಾರಿ ಕಡಿಮೆ ಮಾಡಿತು, ಆಮೇಲೆ ಆಳುಗಳನ್ನು. ಊರಾಚೆಯ ಸೀಬ್ ಕಡೆಯ ತೋಟಗಳಲ್ಲಿ ಕಡಿದ ಮರಗಳು ಸುಡುವವರಿಲ್ಲದೆ ರಸ್ತೆ ಬದಿಯಲ್ಲಿ ರಾಶಿಬಿದ್ದವು. ಅತ್ತ ಆಫೀಸುಗಳಲ್ಲಿ ಕೆಲಸದಿಂದ ತೆಗೆದು ಮನೆಗೆ ಕಳಿಸಬೇಕಾದವರ ಪಟ್ಟಿಗಳು ಹೊರಡತೊಡಗಿದವು. ಮಸ್ಕತ್ತಿನ ವಾದಿ ಕಬೀರ್‌ನ ನಮ್ಮ ಕಟ್ಟಡದಲ್ಲಿ ಇದ್ದವರೆಲ್ಲ ಹೆಚ್ಚಾಗಿ ಹುಬ್ಬಳ್ಳಿ, ವಿಜಯಪುರ, ಬೆಳಗಾವಿ ಕಡೆಯ ಸಂಬಳದ ಜನ. ಯಾರಿಗೂ ನಿದ್ದೆ ಇರಲಿಲ್ಲ.

ಮೇಲಿನ ಮನೆಯ ಕುಲಕರ್ಣಿಯವರು ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರು, ನಮ್ಮೆಲ್ಲರ ಹಿರಿಯರು. ನೌಕರಿ ಉಳಿಯಲೆಂದು ಎಲ್ಲರೂ ಕೂಡಿ ಒಂದು ಹೋಮ ಮಾಡೋಣ ಎಂದರು. ಹೋಮಕ್ಕೆ ಮಾವಿನ ಕಟ್ಟಿಗೆಯೇ ಆಗಬೇಕು. ಸೀಬಿನ ರಾಶಿಯಿಂದ ಕಾರಿನ ಡಿಕ್ಕಿ ತುಂಬ ಹೇರಿಕೊಂಡು ಬಂದೇಬಿಟ್ಟರು. ನಾನು ತಲೆ ತಲೆ ಚಚ್ಚಿಕೊಂಡೆ.

"ಅಲ್ರಿ, ನೀವೂ ಅದನ್ನ ಸುಡವರಽ ಇದ್ರಿ," ಅಂದರು ಅವರು. "ನೀವರ ಸುಡ್ರಿ, ನಾವರ ಸುಡೂಣು. ಏನ್ ಫರಕ್ ಆತು?"

ತರ್ಕಕ್ಕೆ ತರ್ಕ ಸರಿಯಾಗಿಯೇ ಇತ್ತು, ಅದೇ ನನ್ನ ಕರ್ಮ. ಕಟ್ಟಡದ ಹಿಂದಿನ ಅಂಗಳದಲ್ಲಿ ಹೋಮ ನಡೆಯಿತು. ನಾನೂ ಪಂಚೆಯುಟ್ಟು ಕೂತು ಭಕ್ತಿಯಿಂದಲೇ ಸಂಕಲ್ಪ ಮಾಡಿದೆ. ನನ್ನ ನೌಕರಿಯೇನು ಗಟ್ಟಿಯಿತ್ತೆ? ಆದರೆ ಹೋಮಕುಂಡಕ್ಕೆ ಬಿದ್ದದ್ದು ಒಂದು ತೆಕ್ಕೆಯಷ್ಟು ಕಟ್ಟಿಗೆ. ಮಿಕ್ಕದ್ದನ್ನೆಲ್ಲ ಹೊರೆ ಕಟ್ಟಿ ಅಂಗಳದ ಮಾವಿನ ಮರಕ್ಕೆ ಒರಗಿಸಿದರು. ಆ ಮರ ನಮ್ಮ ಮನೆಮಾಲೀಕರಾದ ಸಾಲಂ ಚಾಚಾ ಅವರ ತಾಯಿ ನೆಟ್ಟದ್ದು. ಪ್ರತಿ ಬೇಸಿಗೆ ಮೊದಲ ಹಣ್ಣುಗಳನ್ನು ಬಕೆಟ್ಟಿನಲ್ಲಿ ತುಂಬಿ, ಆ ಮುದುಕರು ಮೆಟ್ಟಿಲು ಹತ್ತಿ ಮನೆಮನೆಗೂ ತಾವೇ ಕೊಟ್ಟು ಹೋಗುತ್ತಿದ್ದರು.

ಇವತ್ತೇ ಅಷ್ಟನ್ನೂ ಸುಟ್ಟುಬಿಡಿ ಎಂದು ಬೇಡಿಕೊಂಡೆ. "ಮುಂದಿನ ತಿಂಗಳ ಇನ್ನೊಂದ್ ಲಿಸ್ಟ್ ಬರತದಂತ," ಎಂದರು ಕುಲಕರ್ಣಿಯವರು. "ಆವಾಗ ಮತ್ತ ಬೇಕಾಗ್ತದ. ದೇವರ ಕಟ್ಟಿಗಿಗೆ ಎಲ್ಲೀ ರೋಗರಿ?" ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ರೋಗದ ಬಗ್ಗೆ ಉದ್ದಕ್ಕೆ ಬರೆದು ಹಾಕಿದೆ. ಎಲ್ಲರೂ ಜೋಡಿಸಿದ ಕೈಗಳ ಚಿತ್ರ ಕಳಿಸಿದರು. ಅದು ನನಗೋ ಕಟ್ಟಿಗೆಗೋ ತಿಳಿಯಲಿಲ್ಲ. ನಾನೇ ಎತ್ತಿ ಒಯ್ಯಲು ಹೊರಟರೆ ಸುಮಿತ್ರಾ ಬಾಗಿಲಿಗೆ ಅಡ್ಡ ನಿಂತಳು. "ಮುಟ್ಟಬ್ಯಾಡ್ರಿ. ನಾಳೆ ಯಾರದರ ನೌಕರಿ ಹೋದ್ರ ನಮ್ಮ ಮ್ಯಾಲೆ ಬರತದ."

ಅವಳ ಮಾತು ಸುಳ್ಳಾಗುತ್ತಿರಲಿಲ್ಲ. ಹೆದರಿದ ಜನಕ್ಕೆ ವಿಜ್ಞಾನ ಹೇಳುವುದು ಹಸಿದವರ ಮುಂದೆ ಪಥ್ಯ ಹೇಳಿದಂತೆ. ಅಲ್ಲದೆ ನಾನೂ ಹೆದರಿದವನೇ. ಹೊರೆಯನ್ನು ಅಲ್ಲೇ ಬಿಟ್ಟೆ.

ಮುಂದಿನ ಪಟ್ಟಿ ಬಂತು, ಅದರಲ್ಲಿ ಕುಲಕರ್ಣಿಯವರ ಹೆಸರೇ ಇತ್ತು. ಫ್ರಿಜ್ಜು, ಸೋಫಾ ಸಿಕ್ಕಷ್ಟಕ್ಕೆ ಮಾರಿ, ಮಕ್ಕಳನ್ನು ಶಾಲೆಯಿಂದ ನಡುವೆಯೇ ಬಿಡಿಸಿ ಹೊರಟರು. ಬೀಳ್ಕೊಡುವಾಗ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಂದರ ಹಿಂದೆ ಒಂದರಂತೆ ಮನೆಗಳು ಖಾಲಿಯಾದವು. ಆ ಬೇಸಿಗೆ ಅಂಗಳದ ಮರದಲ್ಲಿ ಒಂದು ಕೊಂಬೆ ಒಣಗಿತು. ಎಲೆ ಉದುರಲಿಲ್ಲ.

ಅದೇ ವಾರ ನನ್ನ ಮ್ಯಾನೇಜರ್ ಕರೆದು ಕೈ ಕುಲುಕಿದರು. ರೋಗ ಹೊಸ ಹೊಸ ಕಡೆ ಹಬ್ಬಿದ್ದರಿಂದ ಮರ ಕಡಿಯುವ ಗುತ್ತಿಗೆ ಮುಂದುವರಿದಿತ್ತು. "ಈ ಬೂಷ್ಟು ಇರುವತನಕ ನಿಮಗೆ ಭಯವಿಲ್ಲ," ಎಂದು ನಕ್ಕರು. ನಾನೂ ನಕ್ಕೆ, ಸಂಬಳ ಕೊಡುವವರು ನಕ್ಕಾಗ ನಗದೇ ಇರುವುದು ನನಗೆ ಎಂದೂ ಸಾಧ್ಯವಾಗಿಲ್ಲ.

ಕೊನೆಗೆ ಸಾಲಂ ಚಾಚಾ ಅವರ ಅಂಗಳಕ್ಕೂ ನಾನೇ ಗರಗಸ ತಂದೆ. ಅವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ನೀವೆಲ್ಲ ಬೆಂಕಿ ಹಾಕಿ ನನ್ನ ಮರಕ್ಕಾಗಿ ದುವಾ ಮಾಡಿದಿರಿ. ಆದರೂ ಉಳಿಯಲಿಲ್ಲ," ಎಂದರು ಹಿಂದಿಯಲ್ಲಿ, ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ. ನನಗೆ ತಡೆಯಲಾಗಲಿಲ್ಲ. ಆ ಪ್ರಾರ್ಥನೆ ಮರಕ್ಕಾಗಿ ಅಲ್ಲ, ರೋಗ ಬಂದದ್ದು ನಾವು ಒರಗಿಸಿದ ಕಟ್ಟಿಗೆಯಿಂದಲೇ ಇರಬೇಕು ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಮರದಿಂದ ನನ್ನತ್ತ ತಿರುಗಿದರು.

"ಮತ್ತೆ ಯಾತಕ್ಕೆ ಮಾಡಿದಿರಿ?"

"ನೌಕರಿ ಉಳಿಯಲಿ ಅಂತ, ಚಾಚಾ."

"ಯಾರದು ಉಳಿಯಿತು?"

"ನನ್ನದು," ಎಂದೆ.

ಸಾಲಂ ಚಾಚಾ ಎದ್ದು ಕುರ್ಚಿಯನ್ನು ತಾವೇ ಎತ್ತಿಕೊಂಡರು. "ಯಲ್ಲಾ, ನಡಿ," ಎಂದರು, "ಹಾಗಾದರೆ ಕೆಲಸ ಶುರು ಮಾಡು."