ಹೆಸರು ಬರೆಯದ ಎಚ್ಚರಿಕೆ

ನಮ್ಮ ಸರ್ವರ್ ಯಂತ್ರಕ್ಕೆ ಆನೆ ಕಂಡರೆ ಭಯ ಎಂದು ಊರವರು ನಗುತ್ತಿದ್ದರು. ಪೊನ್ಕುಳಿಯಿಂದ ಕಲ್ಲೂರಿನವರೆಗಿನ ಕಾಡಂಚಿನ ರೈತರು ಸೇರಿ ಮಾಡಿಕೊಂಡ ಎಚ್ಚರಿಕೆಯ ವ್ಯವಸ್ಥೆ ಅದು, ನೋಡಿಕೊಳ್ಳುವವಳು ನಾನು. ಪ್ರಾಣಿ ಕಂಡವರು ಫೋನಿನಲ್ಲಿ ಜಾಗ ಆರಿಸಿ, ಪ್ರಾಣಿಯ ಹೆಸರು ಒತ್ತಿ ಕಳಿಸಬೇಕು. ಅದು ಡೇಟಾಬೇಸಿಗೆ ಸೇರಿದ ಕೂಡಲೇ ಎಲ್ಲರ ಫೋನಿಗೂ ಸಂದೇಶ ಹೋಗುತ್ತದೆ. ಹಂದಿ ಬಂದರೆ ಹೋಗುತ್ತಿತ್ತು, ಕಾಟಿ ಬಂದರೂ ಹೋಗುತ್ತಿತ್ತು. ಕಾಡಿನ ಕಡೆಯಿಂದ ಆನೆ ಹೊರಟ ದಿನ ಮಾತ್ರ ಸರ್ವರ್ ದೊಪ್ಪನೆ ಬೀಳುತ್ತಿತ್ತು. ಆನೆ ತಂತಿ ತುಳಿದಿರಬೇಕು ಎಂದು ಒಬ್ಬರು, ಕಾಡಲ್ಲಿ ಸಿಗ್ನಲ್ ಇಲ್ಲ ಎಂದು ಇನ್ನೊಬ್ಬರು.

ಹಾಗೆ ಬಿದ್ದ ಒಂದು ಬೆಳಿಗ್ಗೆ, ಏನೂ ಸಂದೇಶ ಬಂದಿಲ್ಲವಲ್ಲ ಎಂದು ನನ್ನ ಮಗಳು ಶಾಲೆಗೆ ಹೊರಟುಬಿಟ್ಟಳು. ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ಎದುರು ಬಂದ ಜೀಪಿನವರು ಅವಳನ್ನು ಹತ್ತಿಸಿಕೊಂಡು ತಂದು ಮನೆ ಮುಂದೆ ಇಳಿಸಿದರು. ಅವಳ ಚೀಲ ಇಳಿಸಿ ಒಳಗೆ ಕೂರಿಸಿದೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ.

ಪ್ರತಿ ಸಲವೂ ಸರ್ವರ್ ಬೀಳುವ ಮುಂಚಿನ ಕೊನೆಯ ಸಂದೇಶ ಒಂದೇ ಫೋನಿನಿಂದ ಬಂದಿತ್ತು. ಕಾಡೊಳಗಿನ ಹಾಡಿಯ ಹೆಂಗಸಿನದು. ನಮ್ಮ ದನಗಳನ್ನು ಮೇಯಿಸುವವಳು, ಆನೆಯನ್ನು ಎಲ್ಲರಿಗಿಂತ ಮೊದಲು ಕಾಣುವವಳು. ಜಾಗ ಸರಿಯಾಗಿ ಒತ್ತಿದ್ದಳು, ಪ್ರಾಣಿಯ ಹೆಸರು ಖಾಲಿ ಬಿಟ್ಟಿದ್ದಳು. ಯಾಕೆಂದು ಹೋಗಿ ಕೇಳಿದೆ.

“ಕಾಡೊಳಗೆ ನಿಂತ್ಕಂಡು ಅವರ ಪೇರು ಎತ್ತಕ್ಕಿಲ್ಲ ಮಗಾ,” ಎಂದಳು. “ಎತ್ತಿದ್ರೆ ಇತ್ತಗೇ ಬತ್ತಾರೆ. ಶಾಲೆಗೆ ಕುಟ್ಟಿಗಳು ಹೋಗೋ ದಾರಿ ಅಂತ ಜಾಗ ಮಾತ್ರ ಒತ್ತಿದೆ. ಪೇರು ಬಿಟ್ರೆ ಯಾರಂತ ತಿಳಿಯಾಕಿಲ್ವಾ?”

ನಮಗೆ ತಿಳಿಯುತ್ತದೆ, ಡೇಟಾಬೇಸಿಗೆ ತಿಳಿಯಲಿಲ್ಲ. ಹೆಸರು ಖಾಲಿ ಇದ್ದರೆ ಅದು ಪೂರ್ತಿ ಕುಸಿಯುತ್ತಿತ್ತು. ಆ ಡೇಟಾಬೇಸ್ ತಯಾರಿಸಿದವರೇ ಇದನ್ನು ಭದ್ರತಾ ಲೋಪವೆಂದು ಸಾರಿ, ಸರಿಪಡಿಸಿದ ಆವೃತ್ತಿಯನ್ನೂ ಬಿಟ್ಟಾಗಿತ್ತು. ಅದನ್ನು ಹಾಕಲು ಸ್ವಲ್ಪ ಹೊತ್ತು ಸರ್ವರ್ ನಿಲ್ಲಿಸಬೇಕು. ನಮ್ಮ ಸಂಘದ ಕಾರ್ಯದರ್ಶಿ ಅದಕ್ಕೆ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

ಸಭೆಯಲ್ಲಿ ಅವರು ಮತ್ತೆ ಅದೇ ರಾಗ ಎಳೆದರು. “ಅವಳಿಗೆ ಪೇರು ಒತ್ತೋದು ಕಲಿಸಿದ್ರೆ ಆಯ್ತಲ್ಲ. ನಡೀತಿರೋ ಸರ್ವರ್ ಯಾಕೆ ಮುಟ್ಟೋದು?”

ನಾನು ವಾದ ಮಾಡಲಿಲ್ಲ. ನನ್ನ ಫೋನ್ ತೆಗೆದು, ಅವರ ಕಣ್ಣೆದುರೇ ಪ್ರಾಣಿಯ ಹೆಸರು ಖಾಲಿ ಬಿಟ್ಟು ಒಂದು ಸಂದೇಶ ಕಳಿಸಿದೆ. ಮೇಜಿನ ಮೇಲಿದ್ದ ಸರ್ವರ್ ಪರದೆ ಕೆಂಪಾಯಿತು.

“ನೋಡಿ, ಬಿತ್ತು. ನಾನು ಕಾಡಿಗೂ ಹೋಗಿಲ್ಲ, ಆನೆಯನ್ನೂ ಕರೆದಿಲ್ಲ,” ಎಂದೆ. “ನಮ್ಮ ಮೇಲೆ ಹಗೆ ಇರೋನು, ಇಲ್ಲ ಬೇಟೆಗೆ ಬರೋನು, ಯಾರು ಬೇಕಾದ್ರೂ ಹಿಂಗೇ ಬೀಳಿಸ್ಬೋದು. ಅವರಿಗೆಲ್ಲ ಪೇರು ಒತ್ತೋದು ನೀವು ಕಲಿಸ್ತೀರಾ?”

ಕಾರ್ಯದರ್ಶಿಗಳು ಚಹಾ ಲೋಟ ಎತ್ತಿಕೊಂಡರು. ಹೇಗೂ ಬಿದ್ದಿದೆಯಲ್ಲ, ಹೊಸ ಆವೃತ್ತಿ ಈಗಲೇ ಹಾಕಿಬಿಡು ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಕಿದೆ. ಹೆಸರು ಖಾಲಿ ಬಿಟ್ಟ ಸಂದೇಶ ಬಂದರೂ ತಡೆಯದೆ ಹಾಗೆಯೇ ಎಲ್ಲರಿಗೂ ಹೋಗುವಂತೆ ಬರೆದೆ. ಹಾಡಿಯವರ ಪದ್ಧತಿ ತಪ್ಪು ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ನನ್ನ ಮಗಳು ಹೋಗುವ ದಾರಿಯನ್ನು ಕಾಯುತ್ತಿದ್ದವಳು ಆ ಹೆಂಗಸು. ಬೀಳುತ್ತಿದ್ದದ್ದು ನಮ್ಮ ಯಂತ್ರ.

ಕೆಲವು ದಿನ ಹಂದಿಗಳದ್ದೇ ಕಾರುಬಾರು. ಆಮೇಲೊಂದು ಬೆಳಿಗ್ಗೆ ಮಗಳು ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ನನ್ನ ಫೋನ್ ಸದ್ದು ಮಾಡಿತು. ಅವಳೇ ಎತ್ತಿ ಜೋರಾಗಿ ಓದಿದಳು: “ಜಾಗ, ಪೊನ್ಕುಳಿ ತಿರುವು. ಪ್ರಾಣಿ…” ಅಲ್ಲಿಗೆ ನಿಲ್ಲಿಸಿದಳು. ಮುಂದೆ ಏನೂ ಇರಲಿಲ್ಲ.

ಯಾವ ಪ್ರಾಣಿ ಎಂದು ಅವಳು ಕೇಳಲಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದು ಬಾಗಿಲು ಹಾಕಿದಳು.